ಊರಿಗೆ ಉಪಕಾರಿಯಾದ ಹಾಜಿ ಅಬ್ದುಲ್ಲಾ ಸಾಹೇಬರು

ಚುನಾವಣೆಯ ಫಲಿತಾಂಶ ಬಂದ ಮರುದಿನ ನಿಮ್ಮ ಊರು ಹೇಗಿರುತ್ತದೆಂದು ಒಮ್ಮೆ ನೆನಪಿಸಿಕೊಳ್ಳಿ. ಧ್ವನಿವರ್ಧಕಗಳ ಸದ್ದು ಅಡಗಿರುತ್ತದೆ. ಬ್ಯಾನರುಗಳನ್ನು ಬಿಚ್ಚಿರುತ್ತಾರೆ. ಬೆರಳಿಗೆ ಹಚ್ಚಿದ ಶಾಯಿ ಕೆಲವು ವಾರಗಳಲ್ಲಿ ತಾನಾಗಿಯೇ ಮಾಸಿ ಹೋಗುತ್ತದೆ. ಆದರೆ ಮನಸ್ಸಿಗೆ ಹತ್ತಿದ ಕಲೆ ಅಷ್ಟು ಬೇಗ ಮಾಸುವುದಿಲ್ಲ. ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗಳೇ ಇಲ್ಲ. ಆದರೂ ಅದು ಮುಗಿದ ಮೇಲೆ ಒಂದೇ ಓಣಿಯವರು ಮುಖ ತಿರುಗಿಸಿಕೊಂಡು ನಡೆಯುತ್ತಾರೆ. ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಮಾಝ್ ಮಾಡಿದವರು ಮಸೀದಿಯ ಮೆಟ್ಟಿಲು ಇಳಿಯುವಾಗ ಸಲಾಮ್ ಹೇಳುವುದಿಲ್ಲ. ಇಪ್ಪತ್ತು ವರ್ಷಗಳಿಂದ ಅಕ್ಕಿ, ಸಾಮಾನು ತರುತ್ತಿದ್ದ ಅಂಗಡಿಗೆ, ಅದರ ಮಾಲಿಕ ಬೇರೆ ಪಕ್ಷಕ್ಕೆ ದುಡಿದನೆಂಬ ಕಾರಣಕ್ಕೆ, ಹೋಗುವುದನ್ನು ಬಿಡುತ್ತಾರೆ. ಮದುವೆಯ ಆಮಂತ್ರಣದ ಪಟ್ಟಿಯಿಂದ ಹೆಸರುಗಳು ಅಳಿಸಿ ಹೋಗುತ್ತವೆ. ಇನ್ನು ಬೇರೆ ಧರ್ಮದ ನೆರೆಯವರ ವಿಷಯದಲ್ಲಂತೂ, ಅವರು ಯಾರಿಗೆ ಮತ ಹಾಕಿರಬಹುದೆಂಬ ಊಹೆಯೇ ಗೋಡೆಯಾಗಿ ನಿಲ್ಲುತ್ತದೆ.

ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಸ್ವಲ್ಪ ಸಾಗಿದರೆ ಉದ್ಯಾವರ ಸಿಗುತ್ತದೆ. ಇಂದು ಹೊಳೆ, ತೋಟ, ಶಾಲೆ, ಅಂಗಡಿಗಳ ಈ ಊರು ಒಂದು ಕಾಲದಲ್ಲಿ ಆಳುಪ ಅರಸರ ರಾಜಧಾನಿಯಾಗಿತ್ತು. ಸುಮಾರು 8ನೆಯ ಶತಮಾನದ ಕನ್ನಡ ವೀರಗಲ್ಲುಗಳು ಅಲ್ಲಿ ದೊರೆತಿವೆ. ಅವುಗಳಲ್ಲಿ ಬರುವ ರಣಸಾಗರ, ಚಿತ್ರವಾಹನ, ಶ್ವೇತವಾಹನ ಎಂಬ ಹೆಸರುಗಳು ಅಧಿಕಾರಕ್ಕಾಗಿ ಕಾದಾಡಿದವರವು. ಯಾರು ಆಳಬೇಕೆಂಬ ಪ್ರಶ್ನೆಗೆ ಅಂದು ಕತ್ತಿಯೇ ಉತ್ತರ ಕೊಡುತ್ತಿತ್ತು. ರಾಜಧಾನಿಯನ್ನು ಹಿಡಿಯುವ ಕಾಳಗದಲ್ಲಿ ಯಾರದೋ ಮಕ್ಕಳು ಸತ್ತರು. ಅವರ ನೆನಪಿಗೆ ಕಲ್ಲು ಉಳಿಯಿತು. ಇಂದು ಅದೇ ಪ್ರಶ್ನೆಗೆ ಉದ್ಯಾವರದ ಒಬ್ಬ ಬೀಡಿ ಕಟ್ಟುವ ತಾಯಿಯೂ ಒಬ್ಬ ದೋಣಿ ಮಾಲಿಕನೂ ಸಮಾನ ತೂಕದ ಒಂದೊಂದು ಮತದಿಂದ ಉತ್ತರ ಕೊಡುತ್ತಾರೆ. ರಕ್ತ ಸುರಿಯದೆ ಅಧಿಕಾರ ಕೈ ಬದಲಾಗುವುದು ಸಣ್ಣ ಅನುಗ್ರಹವಲ್ಲ. ಆದರೆ ಕತ್ತಿಯನ್ನು ಕೆಳಗಿಟ್ಟು ದ್ವೇಷವನ್ನು ಎದೆಯಲ್ಲಿ ಇಟ್ಟುಕೊಂಡರೆ ನಾವು ಆ ಕಾಲದಿಂದ ಎಷ್ಟು ದೂರ ಬಂದಂತಾಯಿತು? ನೀವೇ ಯೋಚಿಸಿ.

ಮತವೆಂಬುದು ಸಾಕ್ಷ್ಯ ಎಂದೂ ಅಮಾನತ್ ಎಂದೂ ನಮ್ಮ ವಿದ್ವಾಂಸರು ತಿಳಿಸಿದ್ದಾರೆ. ಹೊಣೆಗಾರಿಕೆಯನ್ನು ಅದಕ್ಕೆ ಅರ್ಹರಾದವರ ಕೈಗೆ ಒಪ್ಪಿಸಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಸಾಕ್ಷ್ಯ ಹೇಳುವಾಗ ಅದು ನಮಗೇ, ನಮ್ಮ ಹೆತ್ತವರಿಗೇ ವಿರುದ್ಧವಾದರೂ ಸತ್ಯವನ್ನೇ ಹೇಳಬೇಕೆಂದು ಅದು ಕಲಿಸುತ್ತದೆ. ಆದರೆ ಸಾಕ್ಷ್ಯ ಹೇಳಿ ಬಂದ ಮೇಲೆ ಸಾಕ್ಷಿಯ ಹೊಣೆ ಮುಗಿಯಬಹುದು, ನಾಗರಿಕನ ಹೊಣೆ ಮುಗಿಯುವುದಿಲ್ಲ. ಮತದಾನ ಒಂದು ದಿನದ್ದು, ಊರಿನ ಹಕ್ಕು ವರ್ಷವಿಡೀ ನಮ್ಮ ಮೇಲಿರುತ್ತದೆ. ಈ ಮಾತನ್ನು ಉಪದೇಶದಿಂದಲ್ಲ, ಬದುಕಿನಿಂದ ತೋರಿಸಿದ ಒಬ್ಬ ವ್ಯಕ್ತಿ ನಮ್ಮ ಉಡುಪಿಯಲ್ಲೇ ಇದ್ದರು. ಅವರೇ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದ್ದೂರ್.

ಅವರ ಕಾಲ

ಹಾಜಿ ಅಬ್ದುಲ್ಲಾ ಸಾಹೇಬರು ಜನಿಸಿದ್ದು 1882ರಲ್ಲಿ, ನಿಧನರಾದದ್ದು 1935ರಲ್ಲಿ. ಕೇವಲ ಐವತ್ತಮೂರು ವರ್ಷಗಳ ಆಯುಸ್ಸು. ಅವರ ಬದುಕನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಕಾಲವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅಂದು ಉಡುಪಿ ಜಿಲ್ಲೆ ಇರಲಿಲ್ಲ. ಅದು ಹುಟ್ಟಿದ್ದು 1997ರಲ್ಲಿ. ಅಂದು ಉಡುಪಿಯೂ ಮಂಗಳೂರೂ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯಾಗಿ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಆಳುವವರು ಬ್ರಿಟಿಷರು. ಇಲ್ಲಿನ ರೈತನಿಗೆ ಬೀಜಕ್ಕೆ, ಮಗಳ ಮದುವೆಗೆ, ಕಾಯಿಲೆಗೆ ಹಣ ಬೇಕಾದರೆ ಲೇವಾದೇವಿಗಾರನ ಮನೆಯ ಹೊಸ್ತಿಲೇ ಗತಿ. ಒಮ್ಮೆ ಆ ಹೊಸ್ತಿಲು ತುಳಿದವನು ಬಡ್ಡಿಯ ಮೇಲೆ ಬಡ್ಡಿ ಬೆಳೆದು ಗದ್ದೆಯನ್ನೇ ಕಳೆದುಕೊಂಡ ಪ್ರಸಂಗಗಳಿಗೆ ಲೆಕ್ಕವಿಲ್ಲ. ಚಿಲ್ಲರೆ ವ್ಯಾಪಾರಿಗೂ ಬಡವನಿಗೂ ನಾಲ್ಕು ಕಾಸು ಉಳಿಸಿಡಲು ನಂಬಿಕೆಯ ಜಾಗವಿರಲಿಲ್ಲ.

1905ರಲ್ಲಿ ಬ್ರಿಟಿಷ್ ಸರಕಾರ ಬಂಗಾಳವನ್ನು ವಿಭಜಿಸಿತು. ಅದರ ವಿರುದ್ಧ ಎದ್ದ ಸ್ವದೇಶಿ ಚಳವಳಿಯ ಅಲೆ ದೂರದ ನಮ್ಮ ಕರಾವಳಿಗೂ ತಲುಪಿತು. ನಮ್ಮ ಹಣ ನಮ್ಮ ನಾಡಿನ ಏಳಿಗೆಗೆ ಬಳಕೆಯಾಗಬೇಕು ಎಂಬ ವಿಚಾರ ಎಲ್ಲೆಡೆ ಹಬ್ಬಿತು. ಮಂಗಳೂರಿನಲ್ಲಿ 1906ರ ಜುಲೈಯಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇಂದಿನ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಆದರೆ ಅದಕ್ಕೂ ಕೆಲವು ತಿಂಗಳು ಮೊದಲೇ, ಉಡುಪಿ ಎಂಬ ದೇವಸ್ಥಾನದ ಪೇಟೆಯಲ್ಲಿ ಒಬ್ಬ ಮುಸ್ಲಿಮ್ ಯುವಕನ ಮುಂದಾಳುತನದಲ್ಲಿ ಒಂದು ಬ್ಯಾಂಕು ಬಾಗಿಲು ತೆರೆದಾಗಿತ್ತು.

ಮೂವತ್ತೆಂಟು ರೂಪಾಯಿಯ ಆರಂಭ

1906ರ ಮಾರ್ಚ್ 12. ಹಾಜಿ ಅಬ್ದುಲ್ಲಾ ಸಾಹೇಬರ ವಯಸ್ಸು ಆಗ ಸುಮಾರು ಇಪ್ಪತ್ತನಾಲ್ಕು. ಊರಿನ ಹಿಂದೂ ಮಿತ್ರರನ್ನು ಜೊತೆಗೂಡಿಸಿಕೊಂಡು ಅವರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ದೇಶವೆಲ್ಲ ಕಾರ್ಪೊರೇಶನ್ ಬ್ಯಾಂಕ್ ಎಂದು ಅರಿತ ಸಂಸ್ಥೆ ಇದೇ. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ವ್ಯವಹಾರ ಮುಗಿದಾಗ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನು ಗಮನಿಸಿ. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆಯಾಗಿದ್ದ ಕಾಲವದು. ಪೈಯ ಲೆಕ್ಕವನ್ನೂ ಬಿಡದ ಸಂಸ್ಥೆಯದು.

ಬ್ಯಾಂಕನ್ನು ಆರಂಭಿಸುವಾಗ ಜನರ ಮುಂದಿಟ್ಟ ಮನವಿಯಲ್ಲಿ ಎರಡು ವಿಷಯಗಳು ಎದ್ದು ಕಾಣುತ್ತವೆ. ಒಂದು, ಜಾತಿ ಧರ್ಮದ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲೂ ಮಿತವ್ಯಯದ ಅಭ್ಯಾಸ ಬೆಳೆಸುವುದು ಸಂಸ್ಥೆಯ ಗುರಿ. ಎರಡು, ಇದು ಅಪ್ಪಟ ಸ್ವದೇಶಿ ಕೆಲಸವಾದ್ದರಿಂದ ನಾಡನ್ನು ಪ್ರೀತಿಸುವ ಪ್ರತಿಯೊಬ್ಬರೂ ಕೈಜೋಡಿಸಬೇಕು. ಬಂಗಾಳದ ವಿಭಜನೆ ಹಿಂದೂಗಳನ್ನೂ ಮುಸ್ಲಿಮರನ್ನೂ ಬೇರೆ ಬೇರೆ ನಿಲ್ಲಿಸಿ ಲೆಕ್ಕ ಹಾಕಿದ ಕಾಲದಲ್ಲಿ, ಉಡುಪಿಯ ಒಬ್ಬ ಹಾಜಿ ಎಲ್ಲರ ಚಿಲ್ಲರೆಯನ್ನೂ ಒಂದೇ ತಿಜೋರಿಯಲ್ಲಿ ಇಡಲು ಕರೆ ಕೊಟ್ಟರು. ಜನ ಬಂದರು. ತನ್ನ ಧರ್ಮದವನಲ್ಲದವನ ಕೈಗೆ ಕಷ್ಟದ ದುಡಿಮೆಯನ್ನು ಒಪ್ಪಿಸಬೇಕಾದರೆ ಆತನಲ್ಲಿ ಎಷ್ಟು ವಿಶ್ವಾಸವಿರಬೇಕು? ಪ್ರವಾದಿ ಮುಹಮ್ಮದ್(ಸ)ರನ್ನು ಮಕ್ಕಾದ ಜನರು ಅಲ್ ಅಮೀನ್ ಎಂದು ಕರೆದದ್ದೂ, ಅವರ ಸಂದೇಶವನ್ನು ವಿರೋಧಿಸುತ್ತಿದ್ದವರೇ ತಮ್ಮ ಒಡವೆ ಹಣವನ್ನು ಅವರ ಬಳಿ ಇಡುತ್ತಿದ್ದದ್ದೂ ನಿಮಗೆ ಗೊತ್ತಿದೆ. ಸುನ್ನತ್ ಎಂದರೆ ಗಡ್ಡ, ಪೋಷಾಕುಗಳಲ್ಲಿ ಮಾತ್ರ ಇರುವಂಥದ್ದಲ್ಲ. ಎದುರಾಳಿಯೂ ನಂಬಬಹುದಾದ ಮನುಷ್ಯನಾಗುವುದೂ ಸುನ್ನತ್ತೇ.

1906ರಿಂದ 1929ರವರೆಗೆ, ಇಪ್ಪತ್ತಮೂರು ವರ್ಷ ಅವರು ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅವರ ಕಾಲದಲ್ಲೇ 1923ರಲ್ಲಿ ಕುಂದಾಪುರದಲ್ಲಿ, 1926ರಲ್ಲಿ ಮಂಗಳೂರಿನಲ್ಲಿ ಶಾಖೆಗಳು ತೆರೆದವು. 1980ರಲ್ಲಿ ಸರಕಾರ ಅದನ್ನು ರಾಷ್ಟ್ರೀಕರಣಗೊಳಿಸಿತು. 2020ರ ಎಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ, ಹೆಸರು ಫಲಕಗಳಿಂದ ಇಳಿಯಿತು. ನೂರಾ ಹದಿನಾಲ್ಕು ವರ್ಷಗಳ ಈ ಪಯಣದಲ್ಲಿ ಅನ್ನ ಕಂಡುಕೊಂಡ ಕುಟುಂಬಗಳು ಎಷ್ಟೋ. ಅವುಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮ, ಎಲ್ಲ ಪಕ್ಷದವರೂ ಇದ್ದರು.

ಬಡ್ಡಿಯ ಪ್ರಶ್ನೆ

ಇಷ್ಟನ್ನು ಓದುವಾಗ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ಬ್ಯಾಂಕೆಂದರೆ ಬಡ್ಡಿ. ಬಡ್ಡಿಯನ್ನು ಅಲ್ಲಾಹನು ನಿಷಿದ್ಧಗೊಳಿಸಿದ್ದಾನೆ. ಹಾಗಿರುವಾಗ ಬ್ಯಾಂಕು ಸ್ಥಾಪಿಸಿದವರನ್ನು ನಾವು ಹೊಗಳುವುದು ಸರಿಯೇ?

ಪ್ರಶ್ನೆ ನ್ಯಾಯವಾದದ್ದು. ಅದನ್ನು ಮರೆಮಾಚಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಬಡ್ಡಿಯ ವಿಷಯದಲ್ಲಿ ಕುರ್‌ಆನಿನ ತೀರ್ಪು ಸ್ಪಷ್ಟವಾಗಿದೆ. ಯಾವ ವ್ಯಕ್ತಿಯ ಹೆಸರೂ ಅದನ್ನು ಬದಲಿಸಲಾರದು. ಸಂಪೂರ್ಣವಾಗಿ ಅನುಸರಿಸಲ್ಪಡಬೇಕಾದ ಸ್ಥಾನ ಪ್ರವಾದಿ(ಸ)ಯವರಿಗೆ ಮಾತ್ರ ಇದೆ. ಉಳಿದ ಯಾರ ಜೀವನದಿಂದಲೂ ನಾವು ಒಳಿತನ್ನು ಆರಿಸಿಕೊಳ್ಳುತ್ತೇವೆ, ಉಳಿದದ್ದನ್ನು ಅಲ್ಲಾಹನ ತೀರ್ಮಾನಕ್ಕೆ ಬಿಡುತ್ತೇವೆ. ಲೇವಾದೇವಿಗಾರನ ಕುಣಿಕೆಯಲ್ಲಿ ಸಿಕ್ಕಿಬಿದ್ದವರಿಗೆ ದಾರಿಯೊಂದು ಬೇಕೆಂಬ ಕಾಳಜಿ, ಆ ದಾರಿಯಲ್ಲಿ ಎಲ್ಲರಿಗೂ ಸಮಾನ ಜಾಗವಿರಬೇಕೆಂಬ ವಿಶಾಲತೆ, ಪೈಗೂ ಲೆಕ್ಕ ಕೊಡುವ ಶಿಸ್ತು, ಇವು ನಾವು ಅವರಿಂದ ಕಲಿಯಬೇಕಾದವು. ಬಡ್ಡಿರಹಿತ ಸಾಲ ನಿಧಿಗಳನ್ನು ಜಮಾಅತ್‌ಗಳಲ್ಲಿ ಕಟ್ಟಲು ಇಂದು ಹೊರಟಿರುವ ಯುವಕರು ಈ ಮೂರು ಗುಣಗಳನ್ನು ಹಾಜಿ ಸಾಹೇಬರಿಂದ ಧಾರಾಳವಾಗಿ ಪಡೆಯಬಹುದು. ಅಂಥ ನಿಧಿಯ ಬಾಗಿಲು ನಮ್ಮವರಿಗೆ ಮಾತ್ರವೋ, ಊರಿನ ಎಲ್ಲ ಬಡವರಿಗೋ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಲಿ.

ಬೇರೆ ಧರ್ಮದವರ ಜೊತೆ ಸೇರಿ ಸಾರ್ವಜನಿಕ ಕೆಲಸ ಮಾಡುವುದಕ್ಕೆ ನಮ್ಮಲ್ಲಿ ಆಧಾರವಿದೆಯೇ ಎಂದು ಕೆಲವರು ಕೇಳುವುದುಂಟು. ಹಿಲ್ಫುಲ್ ಫುಝೂಲನ್ನು ನೆನಪಿಸಿಕೊಳ್ಳಿ. ಪ್ರವಾದಿತ್ವಕ್ಕೆ ಮೊದಲು, ಯಮನ್‌ನಿಂದ ಬಂದ ಒಬ್ಬ ವ್ಯಾಪಾರಿಗೆ ಮಕ್ಕಾದ ಒಬ್ಬ ಪ್ರಮುಖನು ಸರಕಿನ ಹಣ ಕೊಡದೆ ವಂಚಿಸಿದಾಗ, ಕುರೈಶರ ಕೆಲವು ಗೋತ್ರಗಳವರು ಅಬ್ದುಲ್ಲಾ ಬಿನ್ ಜುದ್‌ಆನನ ಮನೆಯಲ್ಲಿ ಸೇರಿ, ಮರ್ದಿತನು ಯಾರೇ ಆಗಿರಲಿ ಅವನ ಪರ ನಿಲ್ಲುವುದಾಗಿ ಒಪ್ಪಂದ ಮಾಡಿಕೊಂಡರು. ಯುವಕ ಮುಹಮ್ಮದ್(ಸ) ಅದರಲ್ಲಿ ಪಾಲ್ಗೊಂಡಿದ್ದರು. ಪ್ರವಾದಿಯಾದ ಬಳಿಕವೂ ಅವರು ಆ ಒಪ್ಪಂದವನ್ನು ಅಭಿಮಾನದಿಂದ ಸ್ಮರಿಸಿದರು, ಈಗಲೂ ಅಂಥದ್ದಕ್ಕೆ ಕರೆದರೆ ಓಗೊಡುವೆನೆಂದು ತಿಳಿಸಿದರು. ಹಝ್ರತ್ ಯೂಸುಫ್(ಅ)ರ ಚರಿತ್ರೆಯನ್ನೂ ಓದಿ. ತನ್ನ ಧರ್ಮದವನಲ್ಲದ ಅರಸನ ನಾಡಿನಲ್ಲಿ ಅವರು ಬೊಕ್ಕಸದ ಹೊಣೆ ಹೊತ್ತರು. ಬರಗಾಲದ ವರ್ಷಗಳಲ್ಲಿ ಅವರ ಕಣಜದ ಧಾನ್ಯ ಆ ನಾಡಿನವರನ್ನೂ ದೂರದಿಂದ ಬಂದವರನ್ನೂ, ಕೊನೆಗೆ ತನ್ನನ್ನು ಬಾವಿಗೆ ತಳ್ಳಿದ್ದ ಸಹೋದರರನ್ನೂ ಬದುಕಿಸಿತು.

ಮತ ಬೇರೆ, ಊರು ಒಂದೇ

ಈಗ ಹಾಜಿ ಅಬ್ದುಲ್ಲಾ ಸಾಹೇಬರ ರಾಜಕೀಯದ ಕಡೆಗೆ ಬರೋಣ. ಅವರು ಮದ್ರಾಸ್ ಶಾಸನ ಸಭೆಯ ಸದಸ್ಯರಾಗಿದ್ದರು. ಅಂದಿನ ಚುನಾವಣೆ ಇಂದಿನಂತಿರಲಿಲ್ಲ. ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಮತ. ಹೆಂಗಸರಿಗೆ ಮದ್ರಾಸ್ ಪ್ರಾಂತದಲ್ಲಿ ಮತದ ಹಕ್ಕು ದೊರೆತದ್ದೇ 1921ರಲ್ಲಿ, ಅದೂ ಆಸ್ತಿಯ ಷರತ್ತಿನೊಂದಿಗೆ. ಇನ್ನೂ ಒಂದು ವ್ಯತ್ಯಾಸವಿತ್ತು. 1909ರ ಸುಧಾರಣೆಯಿಂದ ಆರಂಭಿಸಿ ಸ್ವಾತಂತ್ರ್ಯದ ಹೊಸ್ತಿಲಿನವರೆಗೂ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು. ಆ ಸ್ಥಾನಗಳಿಗೆ ನಿಲ್ಲುವವರೂ ಮುಸ್ಲಿಮರು, ಮತ ಹಾಕುವವರೂ ಮುಸ್ಲಿಮರು.

ಇದರ ಪರಿಣಾಮವನ್ನು ಊಹಿಸಿ. ಅಂಥ ವ್ಯವಸ್ಥೆಯಲ್ಲಿ ಮುಸ್ಲಿಮ್ ರಾಜಕಾರಣಿಗೆ ಹಿಂದೂ ನೆರೆಯವನ ಬಾಗಿಲು ತಟ್ಟುವ ಅಗತ್ಯವಿರಲಿಲ್ಲ. ಹಿಂದೂ ಅಭ್ಯರ್ಥಿಗೆ ಮುಸ್ಲಿಮನ ಸಂಕಟ ಕೇಳುವ ಅಗತ್ಯವೂ ಇರಲಿಲ್ಲ. ಕೇವಲ ಮತದ ಲೆಕ್ಕದಿಂದ ನೋಡಿದರೆ, ಇತರರಿಗಾಗಿ ಖರ್ಚು ಮಾಡಿದ ಒಂದೊಂದು ರೂಪಾಯಿಯೂ ನಷ್ಟವೇ. ಅದರ ಮೇಲೆ ದೇಶದ ರಾಜಕೀಯವೂ ಒಡೆದಿತ್ತು. 1920ರ ಚುನಾವಣೆಯನ್ನು ಕಾಂಗ್ರೆಸ್ ಬಹಿಷ್ಕರಿಸಿತು. ಶಾಸನ ಸಭೆಯೊಳಗೆ ಹೋಗಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಗೆಳೆಯರು ಗೆಳೆಯರಿಂದ ದೂರವಾದರು. ಮದ್ರಾಸಿನಲ್ಲಿ ಜಸ್ಟಿಸ್ ಪಕ್ಷದವರೂ ಸ್ವರಾಜ್ ಪಕ್ಷದವರೂ ಎದುರುಬದುರಾದರು. ಸರಕಾರದ ಖಾನ್ ಬಹಾದ್ದೂರ್ ಬಿರುದು ಧರಿಸಿದವರನ್ನು ಚಳವಳಿಗಾರರು ಅನುಮಾನದಿಂದ ನೋಡುವ ಕಾಲವೂ ಅದಾಗಿತ್ತು.

ಹಾಜಿ ಸಾಹೇಬರು ಆ ಬಿರುದು ಪಡೆದವರು. ಅವರೇ ಸ್ವದೇಶಿಯ ಹೆಸರಿನಲ್ಲಿ ಬ್ಯಾಂಕು ಕಟ್ಟಿದವರು ಕೂಡಾ. ಅವರ ರಾಜಕೀಯ ನಿಲುವನ್ನು ಒಪ್ಪದವರು ಆಗಲೂ ಇದ್ದಿರಬಹುದು, ಈಗಲೂ ಇರಬಹುದು. ಆದರೆ ಉಡುಪಿ ಅವರನ್ನು ಅವರ ಬಿರುದಿನಿಂದಾಗಲಿ, ಶಾಸನ ಸಭೆಯ ಪೀಠದಿಂದಾಗಲಿ ನೆನಪಿಟ್ಟುಕೊಂಡಿಲ್ಲ. ಅವರು ಯಾವ ಪ್ರಶ್ನೆಗೆ ಯಾವ ಕಡೆ ಕೈ ಎತ್ತಿದರೆಂದು ಇಂದು ಪೇಟೆಯಲ್ಲಿ ಯಾರನ್ನು ಕೇಳಿದರೂ ತಿಳಿಯದು. ಅವರ ಹೆಸರು ಉಳಿದದ್ದು ಬೇರೆ ಕಡೆ.

ಯಾರ ಮತವನ್ನೂ ಕೇಳದ ಬಾಗಿಲು

ಉಡುಪಿ ಪೇಟೆಯಲ್ಲಿ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆ ಇದೆ. ಅದಕ್ಕೆ ಜಾಗ ಕೊಟ್ಟವರು ಹಾಜಿ ಅಬ್ದುಲ್ಲಾ ಸಾಹೇಬರು. ಆಸ್ಪತ್ರೆ ಅವರ ಹೆಸರನ್ನೇ ಹೊತ್ತಿದೆ. ಹೆರಿಗೆ ಎಂದರೆ ಸಾವು ಬದುಕಿನ ನಡುವಿನ ಹೋರಾಟವಾಗಿದ್ದ ಕಾಲವನ್ನು ನಮ್ಮ ಅಜ್ಜಿಯಂದಿರು ಕಂಡಿದ್ದರು. ಮನೆಯ ಕತ್ತಲೆ ಕೋಣೆ, ಸೂಲಗಿತ್ತಿಯ ಕೈ, ಬಾಣಂತಿ ಜ್ವರ, ತಾಯಿಯನ್ನು ಕಾಣದೆ ಬೆಳೆದ ಮಕ್ಕಳು, ಇವೆಲ್ಲ ಪ್ರತಿಯೊಂದು ಮನೆತನದ ಕಥೆಯಲ್ಲೂ ಇವೆ. ಆ ಸಂಕಟಕ್ಕೆ ಜಾತಿಯಿರಲಿಲ್ಲ. ಆದ್ದರಿಂದ ಅದಕ್ಕಾಗಿ ತೆರೆದ ಬಾಗಿಲಿಗೂ ಜಾತಿಯಿರಲಿಲ್ಲ.

ಇಲ್ಲೇ ಅವರ ಬದುಕಿನ ಸಾರವಿದೆ ಎಂದು ನನಗನಿಸುತ್ತದೆ. ಅಂದಿನ ಕಾನೂನು ಮತದಾರರನ್ನು ಧರ್ಮದ ಗೆರೆ ಎಳೆದು ವಿಂಗಡಿಸಿತ್ತು. ಹಾಜಿ ಸಾಹೇಬರು ತಮ್ಮ ದಾನಕ್ಕೆ ಆ ಗೆರೆಯನ್ನು ಎಳೆಯಲಿಲ್ಲ. ಶಾಸನ ಸಭೆಗೆ ಮತ ಹಾಕುವ ಹಕ್ಕೇ ಇಲ್ಲದ ಬಡ ಹೆಂಗಸು, ಮತವೆಂದರೇನೆಂದೇ ಅರಿಯದ ಕೂಸು, ಇವರಿಂದ ಯಾವ ರಾಜಕಾರಣಿಗೆ ಏನು ಲಾಭ? ಲಾಭವಿಲ್ಲದ ಕಡೆ ಕೊಟ್ಟದ್ದೇ ನಿಜವಾದ ದಾನ. ಉದ್ಯಾವರ, ಕಾಪು, ಮಲ್ಪೆ, ಬ್ರಹ್ಮಾವರ ಎಂದು ಸುತ್ತಲಿನ ಊರುಗಳ ತಾಯಂದಿರು ಆ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಎದ್ದಿದ್ದಾರೆ. ಆ ಮಂಚಗಳಲ್ಲಿ ಹುಟ್ಟಿದವರು ಬೆಳೆದು ಬೇರೆ ಬೇರೆ ಪಕ್ಷಗಳ ಬಾವುಟ ಹಿಡಿದಿದ್ದಾರೆ. ಒಬ್ಬರನ್ನೊಬ್ಬರು ಸೋಲಿಸಲು ಹಗಲಿರುಳು ದುಡಿಯುವ ಇಬ್ಬರು ಒಂದೇ ಹಾಜಿಯವರು ಕೊಟ್ಟ ಮಣ್ಣಿನ ಮೇಲೆ ಕಣ್ಣು ತೆರೆದವರಾಗಿರಬಹುದು.

2016ರ ಸುಮಾರಿಗೆ ಆ ಆಸ್ಪತ್ರೆಯನ್ನು ಖಾಸಗಿಯವರ ಕೈಗೆ ಒಪ್ಪಿಸುವ ಏರ್ಪಾಡು ನಡೆದಾಗ ಉಡುಪಿಯಲ್ಲಿ ಆಕ್ಷೇಪದ ದನಿ ಎದ್ದಿತು. ದಾನಿಯ ಉದ್ದೇಶ ಬಡವರಿಗೆ ಉಚಿತ ಚಿಕಿತ್ಸೆಯಾಗಿತ್ತು, ಅದಕ್ಕೆ ಧಕ್ಕೆ ಬರಬಾರದು ಎಂದು ಹಾಜಿಯವರ ಹೆಸರನ್ನು ಮುಂದಿಟ್ಟು ಮಾತನಾಡಿದವರು ಮುಸ್ಲಿಮರು ಮಾತ್ರವಲ್ಲ. ಸತ್ತು ಎಂಬತ್ತು ವರ್ಷಗಳಾದ ಮೇಲೂ ಒಬ್ಬ ಮನುಷ್ಯನ ಉದ್ದೇಶವನ್ನು ಕಾಯಲು ಅನ್ಯಧರ್ಮದವರು ನಿಂತರೆಂದರೆ, ಸದಕಾ ಜಾರಿಯಾ ಎಂಬುದರ ಅರ್ಥ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಕಾಣುತ್ತೀರಿ?

ಜನರ ಬಾಯಲ್ಲಿ ಉಳಿದ ಮಾತು

ಉಡುಪಿಯ ಹಿರಿಯರ ಬಾಯಲ್ಲಿ ಹಾಜಿ ಸಾಹೇಬರ ಬಗ್ಗೆ ಹಲವು ಕಥೆಗಳಿವೆ. ಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಒಮ್ಮೆ ತೊಂದರೆಯಾದಾಗ ಅವರು ನೆರವಾದರೆಂಬುದು ಅವುಗಳಲ್ಲಿ ಹೆಚ್ಚು ಹೇಳಲ್ಪಡುವ ಕಥೆ. ಕಥೆಗೆ ಕಾಲ ಕಳೆದಂತೆ ಬಣ್ಣ ಸೇರುವುದು ಸಹಜ. ನಮ್ಮ ಓದುಗರಲ್ಲಿ ಕೆಲವರು ಈ ಕಥೆಯನ್ನು ಕೇಳಿ ಮುಜುಗರಪಡುತ್ತಾರೆ, ಇನ್ನು ಕೆಲವರು ಇದನ್ನೇ ಸೌಹಾರ್ದದ ಕೊನೆಯ ಮಾತೆಂಬಂತೆ ಎತ್ತಿ ಆಡುತ್ತಾರೆ.

ಇಲ್ಲಿ ಒಂದು ವಿವೇಚನೆ ಬೇಕು. ಆರಾಧನೆಯ ವಿಷಯದಲ್ಲಿ ಇಸ್ಲಾಮ್ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಅವರ ಧರ್ಮ ಅವರಿಗೆ, ನಮ್ಮ ಧರ್ಮ ನಮಗೆ. ಆದರೆ ನಮ್ಮೊಡನೆ ಧರ್ಮಕ್ಕಾಗಿ ಯುದ್ಧ ಮಾಡದವರ, ನಮ್ಮನ್ನು ಮನೆಯಿಂದ ಹೊರಗಟ್ಟದವರ ಜೊತೆ ಒಳಿತಿನಿಂದಲೂ ನ್ಯಾಯದಿಂದಲೂ ವರ್ತಿಸುವುದನ್ನು ಅಲ್ಲಾಹನು ತಡೆದಿಲ್ಲವೆಂದೂ, ನ್ಯಾಯಪಾಲಕರನ್ನು ಅವನು ಪ್ರೀತಿಸುತ್ತಾನೆಂದೂ ಅದೇ ಕುರ್‌ಆನ್ ತಿಳಿಸುತ್ತದೆ. ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಲ್ಲ. ವಿಶ್ವಾಸದಲ್ಲಿ ಗಟ್ಟಿಯಾಗಿ ನಿಂತವನಿಗೆ ನೆರೆಯವನ ಕಡೆ ಕೈ ಚಾಚಲು ಭಯವಾಗುವುದಿಲ್ಲ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಕಥೆಯನ್ನು ಹೇಳುತ್ತಾ ಬಂದವರಲ್ಲಿ ಹೆಚ್ಚಿನವರು ಹಿಂದೂಗಳು. ಅವರು ಹಾಜಿಯವರನ್ನು ಹಾಜಿ ಎಂದೇ ಕರೆಯುತ್ತಾರೆ. ಹಜ್ ಮಾಡಿ ಬಂದ, ತನ್ನ ಧರ್ಮವನ್ನು ಮುಚ್ಚಿಡದ ಮುಸ್ಲಿಮನೊಬ್ಬ ತಮ್ಮವನಾಗಿದ್ದ ಎಂಬುದೇ ಅವರ ನೆನಪಿನ ಸವಿ.

ಚುನಾವಣೆಯ ಮರುದಿನ

1935ರಲ್ಲಿ ಹಾಜಿ ಸಾಹೇಬರು ಅಲ್ಲಾಹನ ಕಡೆಗೆ ಮರಳಿದರು. ಪ್ರತ್ಯೇಕ ಮತಕ್ಷೇತ್ರಗಳು ಸಂವಿಧಾನ ಬಂದ ಮೇಲೆ ಇಲ್ಲವಾದವು. 1951-52ರ ಮೊದಲ ಮಹಾಚುನಾವಣೆಯಿಂದ ವಯಸ್ಕರೆಲ್ಲರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕುತ್ತಿದ್ದಾರೆ. ಇಂದು ಉದ್ಯಾವರದ ಮತಗಟ್ಟೆಯಲ್ಲಿ ಮುಸ್ಲಿಮ್, ಕ್ರೈಸ್ತ, ಮೊಗವೀರ, ಬಿಲ್ಲವ, ಬಂಟ, ದಲಿತ ಎಲ್ಲರೂ ಒಂದೇ ಯಂತ್ರದ ಗುಂಡಿ ಒತ್ತುತ್ತಾರೆ. ಕಾನೂನು ಎಳೆದಿದ್ದ ಗೋಡೆ ಬಿದ್ದಿದೆ. ನಾವೇ ಮನಸ್ಸಿನಲ್ಲಿ ಕಟ್ಟಿಕೊಂಡದ್ದು ಉಳಿದಿದೆ. ಪ್ರತ್ಯೇಕ ಮತಗಳ ಕಾಲದಲ್ಲಿ ಬದುಕಿದ ಹಾಜಿ ಸಾಹೇಬರು ಎಲ್ಲರ ಮನುಷ್ಯರಾದರು. ಒಂದೇ ಮತಗಟ್ಟೆಯ ಕಾಲದಲ್ಲಿ ಬದುಕುವ ನಾವು ನಮ್ಮ ಗುಂಪಿನ ಮನುಷ್ಯರಾಗಿಯೇ ಉಳಿಯುವುದಾದರೆ ಅದಕ್ಕಿಂತ ನಾಚಿಕೆಯ ಸಂಗತಿ ಯಾವುದಿದೆ?

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲನೆಯದು ನಾಲಿಗೆಗೆ ಸಂಬಂಧಿಸಿದ್ದು. ಗೆದ್ದ ದಿನ ಸೋತವನ ಮನೆ ಮುಂದೆ ಪಟಾಕಿ ಹೊಡೆಯುವುದು, ಅಡ್ಡ ಹೆಸರಿಟ್ಟು ಹಂಗಿಸುವುದು, ಮೊಬೈಲಿನಲ್ಲಿ ಅಪಹಾಸ್ಯದ ಚಿತ್ರ ಹಂಚುವುದು ಕುರ್‌ಆನ್ ಹೆಸರಿಸಿ ತಡೆದ ಪಾಪಗಳ ಸಾಲಿಗೇ ಸೇರುತ್ತವೆ. ಯಾರು ಯಾರಿಗೆ ಮತ ಹಾಕಿದರೆಂದು ಗೂಢಚಾರಿಕೆ ಮಾಡುವುದು, ಊಹೆಯ ಮೇಲೆ ದ್ವೇಷ ಸಾಧಿಸುವುದು ಅದೇ ವರ್ಗಕ್ಕೆ ಸೇರಿದ್ದು. ಮತ ಗುಟ್ಟಾಗಿರಲೆಂದು ದೇಶದ ಕಾನೂನು ಬಯಸಿದೆ, ಅನುಮಾನದ ಬೆನ್ನು ಹತ್ತಬೇಡಿ ಎಂದು ನಮ್ಮ ದೀನ್ ಹೇಳಿದೆ.

ಎರಡನೆಯದು ಸಲಾಮ್. ಸಹೋದರನೊಂದಿಗೆ ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಡುವುದು ವಿಶ್ವಾಸಿಗೆ ಸಲ್ಲದೆಂದೂ, ಮೊದಲು ಸಲಾಮ್ ಹೇಳುವವನೇ ಉತ್ತಮನೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಚುನಾವಣೆಗೆ ಇದರಲ್ಲಿ ವಿನಾಯಿತಿ ಇಲ್ಲ. ಫಲಿತಾಂಶ ಬಂದು ಮೂರು ದಿನ ಕಳೆಯುವ ಮುನ್ನ ನಿಮ್ಮ ಎದುರು ಪಕ್ಷಕ್ಕೆ ದುಡಿದ ಜಮಾಅತಿನ ಕಾಕನ ಮನೆಗೆ ಹೋಗಿ ಒಂದು ಚಹಾ ಕುಡಿದು ಬನ್ನಿ. ಬೇರೆ ಧರ್ಮದ ನೆರೆಮನೆಯವರ ಅಂಗಳಕ್ಕೂ ಹೋಗಿ ಕುಶಲ ವಿಚಾರಿಸಿ. ತನ್ನ ಕೇಡಿನಿಂದ ನೆರೆಯವನು ನಿರ್ಭಯನಾಗಿರದಿದ್ದರೆ ಆತ ವಿಶ್ವಾಸಿಯಲ್ಲ ಎಂಬ ಪ್ರವಾದಿ ವಚನ ನೆರೆಯವನ ಧರ್ಮವನ್ನೂ ಪಕ್ಷವನ್ನೂ ಕೇಳುವುದಿಲ್ಲ.

ಮೂರನೆಯದು ಗೆದ್ದವರಿಗೆ. ಹಝ್ರತ್ ಅಬೂಬಕರ್(ರ) ಖಲೀಫರಾಗಿ ಆಯ್ಕೆಯಾದ ಮೇಲೆ ಮಾಡಿದ ಮೊದಲ ಭಾಷಣದ ತಿರುಳನ್ನು ನೀವು ಬಲ್ಲಿರಿ. ತಾನು ಎಲ್ಲರಿಗಿಂತ ಉತ್ತಮನಲ್ಲವೆಂದರು. ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದು ಕೇಳಿಕೊಂಡರು. ತಮ್ಮಲ್ಲಿನ ದುರ್ಬಲನೇ, ಅವನ ಹಕ್ಕು ದೊರೆಯುವ ತನಕ, ತನ್ನ ಬಳಿ ಬಲಶಾಲಿ ಎಂದು ಸಾರಿದರು. ನಮ್ಮ ಪಂಚಾಯತ್ ಸದಸ್ಯನೂ ಇದನ್ನು ನೆನಪಿಡಲಿ. ತನಗೆ ಮತ ಕೊಡದ ಓಣಿಯ ನಳ್ಳಿನೀರೂ ಬೀದಿದೀಪವೂ ಆತನ ಮೇಲಿರುವ ಅಮಾನತ್ತೇ. ತನ್ನ ಬೂತಿನಲ್ಲಿ ಮತ ಕಡಿಮೆ ಬಿತ್ತೆಂದು ರಸ್ತೆಯ ಕೆಲಸ ತಡೆಹಿಡಿಯುವವನು ಪರಲೋಕದಲ್ಲಿ ಆ ರಸ್ತೆಯಲ್ಲಿ ಬಿದ್ದ ಮುದುಕನಿಗೂ ಉತ್ತ���ರ ಹೇಳಬೇಕಾಗುತ್ತದೆ.

ನಾಲ್ಕನೆಯದು ಸೋತವರಿಗೆ ಮತ್ತು ಉಳಿದ ನಮಗೆಲ್ಲ. ನಮ್ಮವನು ಸೋತನೆಂದು ಗ್ರಾಮ ಸಭೆಗೆ ಹೋಗದೆ ಮನೆಯಲ್ಲಿ ಕುಳಿತುಕೊಳ್ಳುವುದು ರೋಷವೇ ಹೊರತು ಹೊಣೆಗಾರಿಕೆಯಲ್ಲ. ಗ್ರಾಮ ಸಭೆಯಲ್ಲಿ ಮಾತನಾಡುವ ಹಕ್ಕು ಗೆದ್ದವರ ಕಡೆಯವರಿಗೆ ಮಾತ್ರ ಸೇರಿದ್ದಲ್ಲ, ಊರಿನ ಪ್ರತಿಯೊಬ್ಬ ಮತದಾರನಿಗೂ ಸೇರಿದ್ದು. ಶಾಲೆಯ ಮೇಲ್ವಿಚಾರಣಾ ಸಮಿತಿ, ಅಂಗನವಾಡಿ, ಕುಡಿಯುವ ನೀರು, ಕಸ ವಿಲೇವಾರಿ, ಹೊಳೆಬದಿಯ ತಡೆಗೋಡೆ, ಇವುಗಳಿಗೆ ಪಕ್ಷವಿಲ್ಲ. ಮಳೆಗಾಲದಲ್ಲಿ ಉದ್ಯಾವರದ ಹೊಳೆ ಉಕ್ಕಿ ಬಂದರೆ ಅದು ಅಂಗಳಕ್ಕೆ ನುಗ್ಗುವ ಮುನ್ನ ಮನೆಯವರು ಯಾವ ಪಕ್ಷವೆಂದು ಕೇಳುವುದಿಲ್ಲ. ಗೆದ್ದವರ ಒಳ್ಳೆಯ ಕೆಲಸಕ್ಕೆ ಸೋತವರು ಮೊದಲು ಕೈ ಸೇರಿಸಲಿ, ಕೆಟ್ಟ ಕೆಲಸವನ್ನು ಗೆದ್ದವರ ಗೆಳೆಯರೇ ಮೊದಲು ತಡೆಯಲಿ. ಒಂದು ಜನಾಂಗದ ಮೇಲಿನ ಮುನಿಸು ನಮ್ಮನ್ನು ಅನ್ಯಾಯಕ್ಕೆ ಎಳೆಯಬಾರದು, ನ್ಯಾಯವೇ ತಖ್ವಾಕ್ಕೆ ಹೆಚ್ಚು ಹತ್ತಿರವಾದುದು ಎಂಬ ಕುರ್‌ಆನಿನ ಬೋಧನೆ ಇರುವುದು ಇಂಥ ದಿನಗಳಿಗಾಗಿಯೇ.

ಕೈ ಚಾಚಿದರೆ ಎದುರಿನವನು ಹಿಡಿಯುತ್ತಾನೆಂಬ ಭರವಸೆ ಏನೆಂದು ನೀವು ಕೇಳಬಹುದು. ನಮ್ಮನ್ನು ದೂರ ಇಡಲೆಂದೇ ರಾಜಕೀಯ ಮಾಡುವವರೂ ಇದ್ದಾರಲ್ಲವೇ ಎನ್ನಬಹುದು. ಇದ್ದಾರೆ, ಅದನ್ನು ಅಲ್ಲಗಳೆಯಲಾಗದು. ಅನ್ಯಾಯವನ್ನು ಅನ್ಯಾಯವೆಂದು ಹೇಳುವುದು, ಕಾನೂನಿನ ದಾರಿಯಲ್ಲಿ ಹಕ್ಕನ್ನು ಕೇಳುವುದು ನಮ್ಮ ಕರ್ತವ್ಯವೇ. ಆದರೆ ಕೆಲವರ ದ್ವೇಷಕ್ಕೆ ಊರಿನವರೆಲ್ಲರನ್ನೂ ಹೊಣೆ ಮಾಡುವುದು ನ್ಯಾಯವಲ್ಲ. ಒಳಿತಿನಿಂದ ಕೆಡುಕನ್ನು ಎದುರಿಸಿದರೆ ಶತ್ರುವೂ ಆಪ್ತಮಿತ್ರನಾಗಬಹುದೆಂದು ಅಲ್ಲಾಹನೇ ತಿಳಿಸಿರುವಾಗ, ಪ್ರತಿಫಲದ ಖಾತ್ರಿ ಕೇಳಿ ಒಳಿತು ಮಾಡುವುದು ವಿಶ್ವಾಸಿಗೆ ಸಲ್ಲದು. ಹಾಜಿ ಅಬ್ದುಲ್ಲಾ ಸಾಹೇಬರು ಜಾಗ ಬಿಟ್ಟುಕೊಟ್ಟಾಗ ಮುಂದೆ ಆ ಆಸ್ಪತ್ರೆಯಲ್ಲಿ ಹುಟ್ಟುವ ಮಕ್ಕಳಿಂದ ಪ್ರಮಾಣಪತ್ರ ಬರೆಸಿಕೊಂಡಿರಲಿಲ್ಲ.

ಬಿರುದುಗಳು ಹೋದವು, ಶಾಸನ ಸಭೆ ಹೋಯಿತು, ಬ್ಯಾಂಕಿನ ಹೆಸರೂ ಹೋಯಿತು. ಆಸ್ಪತ್ರೆಗೆ ಕೊಟ್ಟ ಆ ಭೂಮಿ ಉಳಿದಿದೆ. ಮುಂದಿನ ಚುನಾವಣೆಯೂ ಬರುತ್ತದೆ, ಗೆಲ್ಲುವವರು ಗೆಲ್ಲುತ್ತಾರೆ, ಸೋಲುವವರು ಸೋಲುತ್ತಾರೆ. ನಮ್ಮ ಹೆಸರು ಯಾವ ಪಟ್ಟಿಯಲ್ಲಿತ್ತೆಂದು ಐವತ್ತು ವರ್ಷಗಳ ಬಳಿಕ ಯಾರೂ ಕೇಳಲಾರರು. ಊರಿಗೆ ನಾವು ಏನಾದೆವೆಂಬುದನ್ನು ಮಾತ್ರ ಜನ ನೆನಪಿಡುತ್ತಾರೆ, ಅಲ್ಲಾಹನು ವಿಚಾರಿಸುತ್ತಾನೆ.

ಅಲ್ಲಾಹನು ಮರ್ಹೂಮ್ ಹಾಜಿ ಅಬ್ದುಲ್ಲಾ ಸಾಹೇಬರ ಒಳಿತುಗಳನ್ನು ಸ್ವೀಕರಿಸಲಿ, ಕುಂದುಕೊರತೆಗಳನ್ನು ಕ್ಷಮಿಸಲಿ. ನಮ್ಮ ಊರುಗಳಲ್ಲಿ ಒಡೆದ ಮನಸ್ಸುಗಳನ್ನು ಕೂಡಿಸಲಿ. ಮತದ ದಿನ ಸತ್ಯಕ್ಕೂ, ಉಳಿದ ದಿನಗಳಲ್ಲಿ ಸೇವೆಗೂ ನಮ್ಮನ್ನು ನಿಲ್ಲಿಸಲಿ. ಆಮೀನ್.